ತೂಕ ಇಳಿಯುವುದು ನಿಂತಾಗ ಹೆಚ್ಚು ಉಣ್ಣಬೇಕೆ?



‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ನಿಮಗೆಲ್ಲ ಗೊತ್ತಿರುವಂಥದೇ. ಪರೀಕ್ಷೆಯಲ್ಲಿ ಗಾದೆಯ ವಿಸ್ತರಣೆಗಾಗಿ ನೀವು ಅದನ್ನು ಬರೆದೂ ಇರಬಹುದು. ಆದರೆ ಒಂದು ಅಂಶವನ್ನು ಗಮನಿಸಿ. ನಮ್ಮ ಹಿರಿಯರು ‘ಊಟ ಬಿಟ್ಟವನಿಗೆ ರೋಗವಿಲ್ಲ’ ಎನ್ನಲಿಲ್ಲ, ‘ಊಟ ಬಲ್ಲವನಿಗೆ’ ಎಂದರು. ಯಾವಾಗ ಕಡಿಮೆ ಉಣ್ಣಬೇಕು, ಯಾವಾಗ ಹೆಚ್ಚು ಉಣ್ಣಬೇಕು ಎಂಬ ಎರಡು ಬಗೆಯ ತಿಳಿವಳಿಕೆಯೂ ಆ ‘ಬಲ್ಲ’ ಎಂಬ ಪದದಲ್ಲಿ ಅಡಗಿದೆ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದರ ಬಗ್ಗೆ ಈಗ ಸ್ವಲ್ಪ ವಿಚಾರ ಮಾಡೋಣ.

ತೂಕ ಇಳಿಸಬೇಕೆಂದು ಹೊರಟವರ ಅನುಭವ ಬಹುಪಾಲು ಒಂದೇ ರೀತಿಯದು. ಮೊದಲ ಎರಡು ವಾರ ತೂಕ ಸರಸರನೆ ಇಳಿಯುತ್ತದೆ. ಉತ್ಸಾಹ ಹೆಚ್ಚುತ್ತದೆ. ಅನಂತರ ಇಳಿತ ನಿಧಾನವಾಗುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ತೂಕದ ಯಂತ್ರದ ಮುಳ್ಳು ಒಂದೇ ಕಡೆ ನಿಂತುಬಿಡುತ್ತದೆ. ಘಟ್ಟ ಇಳಿಯುತ್ತಿದ್ದ ದಾರಿ ಇದ್ದಕ್ಕಿದ್ದಂತೆ ಸಮತಟ್ಟಾದ ಹಾಗೆ. ಭೂಗೋಳದಲ್ಲಿ ನೀವು ಓದಿರುವ ‘ಪ್ರಸ್ಥಭೂಮಿ’ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ಈ ಸ್ಥಿತಿಗೂ ಬಳಸುತ್ತಾರೆ.

ಆಗ ಹೆಚ್ಚಿನವರು ಏನು ಮಾಡುತ್ತಾರೆ? ಎರಡು ಚಪಾತಿಯನ್ನು ಒಂದಕ್ಕೆ ಇಳಿಸುತ್ತಾರೆ. ರಾತ್ರಿಯ ಊಟ ಬಿಡುತ್ತಾರೆ. ಬೆಳಗಿನ ಓಟದ ಜೊತೆಗೆ ಸಂಜೆಯ ಓಟವನ್ನೂ ಸೇರಿಸುತ್ತಾರೆ. ಇದು ಬರಗಾಲದಲ್ಲಿ ಅಧಿಕ ಮಾಸ ಬಂದ ಹಾಗೆ. ಇನ್ನೊಂದೆಡೆ, ವ್ಯಾಯಾಮಶಾಲೆಯಲ್ಲೋ ಗೆಳೆಯರ ನಡುವೆಯೋ ಇದಕ್ಕೆ ತದ್ವಿರುದ್ಧವಾದ ಸಲಹೆ ಕಿವಿಗೆ ಬೀಳುತ್ತದೆ: ‘ನೀನು ತುಂಬಾ ಕಡಿಮೆ ತಿನ್ನುತ್ತಿದ್ದೀಯ, ಅದಕ್ಕೇ ತೂಕ ಇಳಿಯುತ್ತಿಲ್ಲ. ಹೆಚ್ಚು ತಿನ್ನು, ತಾನಾಗಿಯೇ ಇಳಿಯುತ್ತದೆ.’ ಈ ಎರಡರಲ್ಲಿ ಯಾವುದು ಸರಿ?

ನೇರವಾಗಿ ಹೇಳುವುದಾದರೆ, ಹೆಚ್ಚು ತಿಂದರೆ ಕೊಬ್ಬು ಕರಗುವುದಿಲ್ಲ. ಆದರೆ ತಿಂಗಳುಗಟ್ಟಲೆ ಕಡಿಮೆ ಉಂಡು ಸೊರಗಿದ ಶರೀರಕ್ಕೆ ಕೆಲವು ಕಾಲ ಸಾಕಷ್ಟು ಊಟ ಕೊಡುವುದು ಅನೇಕ ವೇಳೆ ಸರಿಯಾದ ಕ್ರಮವೇ ಆಗಿರುತ್ತದೆ. ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವೆಂದು ತೋರಬಹುದು. ವಿರೋಧವಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಕ್ಯಾಲೊರಿ ಎಂದರೇನೆಂದು ನೋಡೋಣ. ಅದು ಶಾಖದ ಒಂದು ಅಳತೆ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖವೇ ಒಂದು ಕಿಲೋ ಕ್ಯಾಲೊರಿ. ಆಹಾರದ ವಿಚಾರದಲ್ಲಿ ನಾವು ರೂಢಿಯಲ್ಲಿ ‘ಕ್ಯಾಲೊರಿ’ ಎನ್ನುವುದು ಇದನ್ನೇ. ಒಂದು ಗ್ರಾಂ ಪಿಷ್ಟ ಅಥವಾ ಒಂದು ಗ್ರಾಂ ಪ್ರೋಟೀನಿನಿಂದ ಸುಮಾರು 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕ್ಯಾಲೊರಿ ದೊರೆಯುತ್ತದೆ. ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೆ ಮತ್ತು ಲಾಪ್ಲಾಸ್ 1782–83ರ ಚಳಿಗಾಲದಲ್ಲಿ ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯೊಳಗೆ ಒಂದು ಗಿನಿಪಿಗ್ ಅನ್ನು ಇರಿಸಿ, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ಅಳೆದರು. ಪ್ರಾಣಿಯ ಉಸಿರಾಟವೂ ಒಂದು ಬಗೆಯ ನಿಧಾನವಾದ ಉರಿಯುವಿಕೆಯೇ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಲ್ಲವೆ? ಆ ನಿಯಮ ನಮ್ಮ ಶರೀರಕ್ಕೂ ಅನ್ವಯಿಸುತ್ತದೆ. ಒಳಗೆ ಬಂದದ್ದಕ್ಕಿಂತ ಖರ್ಚು ಹೆಚ್ಚಾದರೆ ಕೊರತೆಯನ್ನು ಶರೀರ ತನ್ನ ದಾಸ್ತಾನಿನಿಂದ ತುಂಬಿಕೊಳ್ಳಬೇಕು. ಈ ದಾಸ್ತಾನಿನಲ್ಲಿ ಮುಖ್ಯವಾದದ್ದು ಕೊಬ್ಬು.

ಹಾಗಿದ್ದರೆ ಇಳಿತ ನಿಲ್ಲುವುದೇಕೆ? ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 21 ವರ್ಷದ ಒಬ್ಬ ಕಾಲೇಜು ಹುಡುಗನಿದ್ದಾನೆ, ಅವನ ತೂಕ 80 ಕಿಲೋ ಎಂದುಕೊಳ್ಳಿ. ದಿನಕ್ಕೆ ಅವನ ಶರೀರ ಖರ್ಚು ಮಾಡುವುದು 2600 ಕ್ಯಾಲೊರಿ. ಅವನು 2000 ಕ್ಯಾಲೊರಿಯಷ್ಟು ಮಾತ್ರ ಉಣ್ಣತೊಡಗುತ್ತಾನೆ. ದಿನಕ್ಕೆ 600ರ ಕೊರತೆ, ವಾರಕ್ಕೆ 4200. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಆದ್ದರಿಂದ ವಾರಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು ಇಳಿಯಬೇಕು. ಆರಂಭದಲ್ಲಿ ಅದಕ್ಕಿಂತಲೂ ಹೆಚ್ಚೇ ಇಳಿಯುತ್ತದೆ. ಏಕೆಂದರೆ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟದ ಸಂಗ್ರಹವಿರುತ್ತದೆ, ಅದರ ಪ್ರತಿಯೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಕೂಡಿಕೊಂಡಿರುತ್ತದೆ. ಊಟ ಕಡಿಮೆಯಾದಾಗ ಈ ಸಂಗ್ರಹ ಖಾಲಿಯಾಗಿ ನೀರೂ ಹೊರಹೋಗುತ್ತದೆ. ಮೊದಲ ವಾರಗಳ ಸಂತೋಷದಲ್ಲಿ ನೀರಿನ ಪಾಲು ದೊಡ್ಡದು.

ಆರು ತಿಂಗಳು ಕಳೆಯಿತು. ಹುಡುಗ ಈಗ 70 ಕಿಲೋ. ಚಿಕ್ಕ ಶರೀರಕ್ಕೆ ಚಿಕ್ಕ ಖರ್ಚು. ಮೆಟ್ಟಿಲು ಹತ್ತುವಾಗ ಹೊರಬೇಕಾದ ಭಾರವೇ 10 ಕಿಲೋ ಕಡಿಮೆಯಾಗಿದೆ. ಇದರಿಂದ ದಿನದ ಖರ್ಚಿನಲ್ಲಿ 200 ಕ್ಯಾಲೊರಿ ಇಳಿಯಿತೆನ್ನಿ. ಎರಡನೆಯದಾಗಿ, ಶರೀರ ಮಿತವ್ಯಯಕ್ಕೆ ತೊಡಗಿದೆ. ಅವನಿಗೇ ಅರಿವಾಗದಂತೆ ಅವನು ಹೆಚ್ಚು ಹೊತ್ತು ಕುಳಿತಿರುತ್ತಾನೆ, ನಿಂತು ಹರಟುತ್ತಿದ್ದವನು ಗೋಡೆಗೆ ಒರಗುತ್ತಾನೆ, ಮಹಡಿಗೆ ಹೋಗಲು ಲಿಫ್ಟ್ ಹುಡುಕುತ್ತಾನೆ. ಇದರಿಂದ ಇನ್ನೊಂದು 200 ಹೋಯಿತು. ಮೂರನೆಯದಾಗಿ, ಅಳತೆ ಸಡಿಲವಾಗಿದೆ. ಮೊದಲು ಚಮಚದಲ್ಲಿ ಅಳೆಯುತ್ತಿದ್ದ ಎಣ್ಣೆಯನ್ನು ಈಗ ಕಣ್ಣಂದಾಜಿನಲ್ಲಿ ಹಾಕುತ್ತಾನೆ. ಅವನು 2000 ಎಂದುಕೊಂಡ ಊಟ ನಿಜವಾಗಿ 2200. ಕೂಡಿ ನೋಡಿ: 200, 200, 200. ಅಲ್ಲಿಗೆ 600ರ ಕೊರತೆ ಪೂರ್ತಿ ಮುಗಿಯಿತು. ತೂಕ ನಿಂತದ್ದು ಯಾವ ಪವಾಡವೂ ಅಲ್ಲ, ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಯಿತು, ಅಷ್ಟೆ.

ಈ ಮಿತವ್ಯಯದ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಮನೆಯ ಯಜಮಾನರ ಸಂಬಳ ಕಡಿಮೆಯಾಯಿತೆಂದು ಭಾವಿಸಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬಂತೆ ಮನೆಯವರು ಮೊದಲು ಸಿನಿಮಾ, ಪ್ರವಾಸ ಬಿಡುತ್ತಾರೆ. ಆಮೇಲೆ ಹಬ್ಬದ ಹೊಸ ಬಟ್ಟೆ ಬಿಡುತ್ತಾರೆ. ಕಷ್ಟ ಇನ್ನೂ ಮುಂದುವರಿದರೆ ಸುಣ್ಣಬಣ್ಣ ನಿಲ್ಲುತ್ತದೆ, ಸೋರುವ ಹೆಂಚನ್ನು ಬದಲಿಸುವುದು ಮುಂದಿನ ವರ್ಷಕ್ಕೆ ಹೋಗುತ್ತದೆ. ಮನೆ ಬೀಳುವುದಿಲ್ಲ, ಆದರೆ ಶಿಥಿಲವಾಗುತ್ತದೆ. ಶರೀರವೂ ಹೀಗೆಯೇ. ಮೊದಲು ಅನಗತ್ಯ ಓಡಾಟ ಕಡಿಮೆಯಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಆಮೇಲೆ ಕೂದಲು, ಚರ್ಮ, ಮೂಳೆ, ಹೆಣ್ಣುಮಕ್ಕಳಲ್ಲಿ ತಿಂಗಳ ಮುಟ್ಟು, ಇವುಗಳ ಮೇಲಿನ ಖರ್ಚಿಗೂ ಕತ್ತರಿ ಬೀಳುತ್ತದೆ. ಈ ಆಜ್ಞೆಗಳಲ್ಲಿ ಪಾತ್ರವಿರುವ ಹಾರ್ಮೋನುಗಳಲ್ಲಿ ಒಂದು ಲೆಪ್ಟಿನ್. ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಬೆಳಕಿಗೆ ತಂದರು. ಕೊಬ್ಬಿನ ಜೀವಕೋಶಗಳಿಂದ ಹೊರಡುವ ಲೆಪ್ಟಿನ್, ದಾಸ್ತಾನು ಎಷ್ಟಿದೆಯೆಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಊಟ ಕಡಿಮೆಯಾದ ಕೆಲವೇ ದಿನಗಳಲ್ಲಿ ಅದರ ಮಟ್ಟ ಕುಸಿಯುತ್ತದೆ. ಆಗ ಮೆದುಳು ಹಸಿವನ್ನು ಹೆಚ್ಚಿಸಿ ಖರ್ಚನ್ನು ಕಡಿಮೆ ಮಾಡುತ್ತದೆ.

ಕಡಿಮೆ ಊಟ ಶರೀರವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಬಹಳ ವಿವರವಾಗಿ ತೋರಿಸಿದ ಪ್ರಯೋಗವೊಂದು ಎರಡನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಯುರೋಪಿನಲ್ಲಿ ಹಸಿವಿನಿಂದ ಬಳಲಿದ ಜನರಿಗೆ ಮತ್ತೆ ಹೇಗೆ ಆಹಾರ ಕೊಡಬೇಕೆಂದು ತಿಳಿಯುವುದು ಅದರ ಉದ್ದೇಶ. ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ ಅದರ ಮುಖ್ಯಸ್ಥರು. ಮನಸ್ಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲು ಒಪ್ಪದ 36 ಮಂದಿ ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದರು. ದಿನಕ್ಕೆ ಸುಮಾರು 3200 ಕ್ಯಾಲೊರಿ ಉಣ್ಣುತ್ತಿದ್ದವರಿಗೆ 1945ರ ಫೆಬ್ರವರಿಯಿಂದ 24 ವಾರ ಕಾಲ ಸರಿಸುಮಾರು ಅದರ ಅರ್ಧದಷ್ಟು ಕೊಡಲಾಯಿತು. ಬ್ರೆಡ್ಡು, ಆಲೂಗೆಡ್ಡೆ, ಗೆಡ್ಡೆಕೋಸಿನಂಥ ತರಕಾರಿ, ಇವೇ ಊಟ. ಜೊತೆಗೆ ವಾರಕ್ಕೆ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್ ನಡೆಯಬೇಕು.

ಫಲವೇನಾಯಿತು? ಅವರ ತೂಕ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಇಳಿಯಿತು. ಆರಂಭದಲ್ಲಿ ಇಳಿತ ವೇಗವಾಗಿತ್ತು, ಕೊನೆಯ ವಾರಗಳಲ್ಲಿ ಬಹಳ ನಿಧಾನವಾಯಿತು. ಸುಮ್ಮನೆ ಮಲಗಿರುವಾಗ ಶರೀರ ಮಾಡುವ ಖರ್ಚು ಸುಮಾರು ನೂರಕ್ಕೆ 40ರಷ್ಟು ಕುಗ್ಗಿತು. ಬೇಸಿಗೆಯಲ್ಲೂ ಅವರಿಗೆ ಚಳಿ. ಓದು, ಹರಟೆ, ಸ್ನೇಹ ಯಾವುದರಲ್ಲೂ ಆಸಕ್ತಿಯಿಲ್ಲ. ಹಗಲಿರುಳು ಊಟದ್ದೇ ಯೋಚನೆ. ಕೆಲವರು ಅಡಿಗೆ ಪುಸ್ತಕಗಳನ್ನು ಓದುತ್ತ ಕುಳಿತರು. ಕಣಕಾಲುಗಳಲ್ಲಿ ನೀರು ತುಂಬಿ ಊದಿಕೊಂಡಿತು.

ಈ ಪ್ರಯೋಗದಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ‘ತುಂಬಾ ಕಡಿಮೆ ತಿಂದರೆ ಶರೀರ ಹಠ ಹಿಡಿದು ಒಂದಿಷ್ಟೂ ಕೊಬ್ಬು ಬಿಟ್ಟುಕೊಡುವುದಿಲ್ಲ’ ಎಂಬ ಮಾತು ನಿಜವಲ್ಲ. ಅಷ್ಟು ಕಡಿಮೆ ಉಂಡ ಆ ಯುವಕರ ತೂಕ ಇಳಿದೇ ಇಳಿಯಿತು. ಎರಡನೆಯದು, ಶರೀರ ಖರ್ಚು ಕಡಿತ ಮಾಡುವುದಂತೂ ನಿಜ, ಅದಕ್ಕೆ ತೆರಬೇಕಾದ ಬೆಲೆಯೂ ದೊಡ್ಡದು. ಚೇತರಿಕೆಯ ಹಂತದಲ್ಲಿ ಅವರನ್ನು ಗುಂಪುಗಳಾಗಿ ಮಾಡಿ ಬೇರೆಬೇರೆ ಪ್ರಮಾಣದಲ್ಲಿ ಊಟ ಹೆಚ್ಚಿಸಿದರು. ವಿಟಮಿನ್ ಮಾತ್ರೆಗಳಿಂದಲೋ ಪ್ರೋಟೀನಿನ ಪುಡಿಯಿಂದಲೋ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಒಟ್ಟು ಊಟ, ಅಂದರೆ ಕ್ಯಾಲೊರಿಗಳೇ ಸಾಕಷ್ಟು ಹೆಚ್ಚಾದಾಗ ಮಾತ್ರ ಅವರು ಚೇತರಿಸಿಕೊಂಡರು. ಕಡಿಮೆ ಊಟದಿಂದ ಆದ ಹಾನಿಗೆ ಊಟವೇ ಔಷಧ. ಈ ಎಲ್ಲ ವಿವರಗಳು 1950ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಪ್ರಕಟವಾದವು.

ಇನ್ನು ಅಳತೆಯ ವಿಚಾರ. ‘ನಾನು ತಿನ್ನುವುದೇ ಇಷ್ಟು, ಆದರೂ ತೂಕ ಇಳಿಯುವುದಿಲ್ಲ’ ಎನ್ನುವವರು ಸುಳ್ಳು ಹೇಳುತ್ತಾರೆಂದಲ್ಲ. ಆದರೆ ಮನುಷ್ಯನ ಅಂದಾಜು ಬಹಳ ತಪ್ಪುತ್ತದೆ. ನ್ಯೂಯಾರ್ಕಿನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದರು. ಭಾರವಾದ ಜಲಜನಕ ಮತ್ತು ಆಮ್ಲಜನಕದ ಪರಮಾಣುಗಳಿರುವ ವಿಶೇಷ ನೀರನ್ನು ಕುಡಿಸಿ, ಅವು ಮೂತ್ರದಲ್ಲಿ ಎಷ್ಟು ಬೇಗ ಹೊರಹೋಗುತ್ತವೆಂದು ನೋಡಿದರೆ ಶರೀರದ ನಿಜವಾದ ಖರ್ಚು ಗೊತ್ತಾಗುತ್ತದೆ. ಅವರ ಖರ್ಚಿನಲ್ಲಿ ದೋಷವೇನೂ ಇರಲಿಲ್ಲ. ತಾವು ತಿಂದದ್ದನ್ನು ಅವರು ಸರಾಸರಿ ನೂರಕ್ಕೆ 47ರಷ್ಟು ಕಡಿಮೆ ಹೇಳಿದ್ದರು, ತಮ್ಮ ಓಡಾಟವನ್ನು ನೂರಕ್ಕೆ 51ರಷ್ಟು ಹೆಚ್ಚು ಹೇಳಿದ್ದರು.

ನಮ್ಮ ಅಡಿಗೆಮನೆಯಲ್ಲಿ ಇದು ಸುಲಭವಾಗಿ ಆಗುವಂಥದ್ದು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಒಗ್ಗರಣೆಗೆ ಒಂದು ಚಮಚ ಹೆಚ್ಚು ಬಿದ್ದರೆ ಯಾರಿಗೆ ಗೊತ್ತಾಗುತ್ತದೆ? ಒಂದು ಚಿಕ್ಕ ಚಮಚ ಸಕ್ಕರೆಯಲ್ಲಿ ಸುಮಾರು 20. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಎಂದರೆ ಸಕ್ಕರೆಯಿಂದಲೇ 160. ಓದುತ್ತ ಓದುತ್ತ ಬಾಯಿಗೆ ಹಾಕಿಕೊಂಡ ಒಂದು ಹಿಡಿ ಕಡಲೆಕಾಯಿ ಬೀಜ ಇನ್ನೊಂದು 160. ಇವು ಯಾವುವೂ ಕೆಟ್ಟ ಆಹಾರವಲ್ಲ. ಆದರೆ ಲೆಕ್ಕಕ್ಕೆ ಸಿಗದೆ ಹೋಗುವ ಆಹಾರ.

ಇನ್ನೊಂದು ಕಾರಣ ನೀರು. ಉಪ್ಪು ಹೆಚ್ಚಾದರೆ, ಹೊಸ ವ್ಯಾಯಾಮದಿಂದ ಮೈ ನೊಂದರೆ ಶರೀರ ನೀರನ್ನು ಹಿಡಿದಿಟ್ಟುಕೊಳ್ಳಬಹುದು. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗಾಗಬಹುದು. ಒಂದೆರಡು ಕಿಲೋ ಏರುಪೇರು ಸಹಜ. ಒಳಗೆ ಕೊಬ್ಬು ಕರಗುತ್ತಿದ್ದರೂ ತೂಕದ ಯಂತ್ರಕ್ಕೆ ಅದು ಕಾಣುವುದಿಲ್ಲ. ಆದ್ದರಿಂದ ಒಂದು ವಾರ ಮುಳ್ಳು ಕದಲಲಿಲ್ಲವೆಂದು ಗಾಬರಿಯಾಗಬಾರದು. ಮೂರು ನಾಲ್ಕು ವಾರ ತೂಕವೂ ಸೊಂಟದ ಸುತ್ತಳತೆಯೂ ಹಾಗೆಯೇ ಉಳಿದರೆ ಆಗ ಮಾತ್ರ ‘ನಿಂತಿದೆ’ ಎನ್ನಬಹುದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಿಂತಾಗ ಹೆಚ್ಚು ಉಂಡರೆ ಪ್ರಯೋಜನವಿದೆಯೆ? ಆಸ್ಟ್ರೇಲಿಯದ ಟಾಸ್ಮೇನಿಯಾ ವಿಶ್ವವಿದ್ಯಾಲಯದ ನ್ಯುಆಲಾ ಬರ್ನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಅದರಲ್ಲಿ ಸ್ಥೂಲಕಾಯದ 51 ಗಂಡಸರು ಭಾಗವಹಿಸಿದ್ದರು. ಒಂದು ಗುಂಪಿನವರು 16 ವಾರ ಬಿಡದೆ, ತಮ್ಮ ಅಗತ್ಯದ ಮೂರನೆಯ ಎರಡು ಭಾಗದಷ್ಟು ಮಾತ್ರ ಉಂಡರು. ಇನ್ನೊಂದು ಗುಂಪಿನವರು ಎರಡು ವಾರ ಹಾಗೆ ಉಂಡು, ಮುಂದಿನ ಎರಡು ವಾರ ತೂಕ ಏರದಂತೆ ಇಳಿಯದಂತೆ ಸಾಕಷ್ಟು ಉಂಡು, ಮತ್ತೆ ಎರಡು ವಾರ ಕಡಿಮೆ ಮಾಡುತ್ತ 30 ವಾರಗಳಲ್ಲಿ ಅದೇ 16 ವಾರದ ಪಥ್ಯವನ್ನು ಮುಗಿಸಿದರು. ಮೊದಲ ಗುಂಪಿನಲ್ಲಿ ಸರಾಸರಿ 9.1 ಕಿಲೋ ಇಳಿಯಿತು. ವಿರಾಮ ಪಡೆದ ಗುಂಪಿನಲ್ಲಿ 14.1 ಕಿಲೋ ಇಳಿಯಿತು. ವಿರಾಮ ಪಡೆದವರ ಶರೀರದ ಮಿತವ್ಯಯವೂ ಕಡಿಮೆಯಾಗಿತ್ತು.

ಇಷ್ಟಕ್ಕೇ ಜಯಘೋಷ ಮಾಡುವಂತಿಲ್ಲ. ವಿಜ್ಞಾನದಲ್ಲಿ ಒಂದು ಪ್ರಯೋಗದಿಂದ ತೀರ್ಪು ಬರುವುದಿಲ್ಲ. ಆಸ್ಟ್ರೇಲಿಯದಲ್ಲೇ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಭಾರ ಎತ್ತುವ ಅಭ್ಯಾಸವಿದ್ದ 61 ಮಂದಿ ಗಂಡಸರು ಹೆಂಗಸರು ಇದ್ದರು. ಕೆಲವರಿಗೆ ಮೂರು ವಾರಕ್ಕೊಮ್ಮೆ ಒಂದು ವಾರದ ವಿರಾಮ, ಉಳಿದವರಿಗೆ ವಿರಾಮವಿಲ್ಲ. ಕೊಬ್ಬಿನ ಇಳಿತದಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ವಿರಾಮದ ಗುಂಪಿಗೆ ಹಸಿವಿನ ಬಾಧೆ ಕಡಿಮೆಯಾಗಿತ್ತು.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಏನು ತಿಳಿಯುತ್ತದೆ? ವಿರಾಮದ ಊಟ ಮಂತ್ರದಂಡವಲ್ಲ. ಅದು ಶಕ್ತಿಯ ನಿಯಮವನ್ನು ಮುರಿಯುವುದಿಲ್ಲ. ಆದರೆ ಅದರಿಂದ ಕೊಬ್ಬು ಇಳಿಯುವುದು ಕೆಡುವುದೂ ಇಲ್ಲ. ದಣಿದವನಿಗೆ ಅದು ವಿಶ್ರಾಂತಿ ಕೊಡುತ್ತದೆ. ಹಸಿವು ತಗ್ಗುತ್ತದೆ, ನಿದ್ರೆ ಬರುತ್ತದೆ, ಕಾಲಲ್ಲಿ ಮತ್ತೆ ಕಸುವು ತುಂಬಿ ಓಡಾಟ ಹೆಚ್ಚುತ್ತದೆ, ಮತ್ತೆ ಕ್ರಮಬದ್ಧವಾಗಿ ಉಣ್ಣಲು ಮನಸ್ಸಾಗುತ್ತದೆ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಎರಡೂ ಪ್ರಯೋಗಗಳಲ್ಲಿ ‘ಹೆಚ್ಚು’ ಎಂದರೆ ಪಥ್ಯಕ್ಕಿಂತ ಹೆಚ್ಚು, ಶರೀರದ ಅಗತ್ಯದಷ್ಟು. ಮದುವೆ ಮನೆಯ ಊಟವಲ್ಲ. ನಿತ್ಯವೂ ಒಬ್ಬಟ್ಟು, ಬೇಕರಿಯ ತಿಂಡಿ, ರಾತ್ರಿ ಹನ್ನೊಂದರ ಗೋಬಿ ಮಂಚೂರಿ, ಇವುಗಳಿಗೆ ‘ವಿರಾಮ’ ಎಂಬ ಹೆಸರಿಟ್ಟರೆ ತೂಕ ಇಳಿಯುವ ಬದಲು ಏರುತ್ತದೆ.

18 ದಾಟಿದ, ವೈದ್ಯರ ಸಲಹೆಯಂತೆ ತೂಕ ಇಳಿಸಲೇಬೇಕಾದವರು ಇದನ್ನು ಹೀಗೆ ನಡೆಸಬಹುದು. ಮೊದಲು ಒಂದು ವಾರ ತಿಂದದ್ದನ್ನೆಲ್ಲ, ಎಣ್ಣೆ ಸಕ್ಕರೆ ಸಮೇತ, ಪ್ರಾಮಾಣಿಕವಾಗಿ ಬರೆದಿಡಿ. ಅಳತೆಯೇ ಜಾರಿದೆ ಎಂದು ಕಂಡರೆ ಅದನ್ನು ಸರಿಪಡಿಸಿದರೆ ಸಾಕು, ಊಟ ಹೆಚ್ಚಿಸಬೇಕಾಗಿಲ್ಲ. ಅಳತೆ ಸರಿಯಿದ್ದು, ನಿಜವಾಗಿಯೂ ತೀರ ಕಡಿಮೆ ಉಣ್ಣುತ್ತಿದ್ದರೆ, ಸುಸ್ತು, ಚಳಿ, ಸಿಡುಕು ಕಾಡುತ್ತಿದ್ದರೆ, ದಿನಕ್ಕೆ 150–200 ಕ್ಯಾಲೊರಿಯಂತೆ ಊಟವನ್ನು ಹೆಚ್ಚಿಸಿ. ಮುಂದಿನ ವಾರ ಮತ್ತೆ ಅಷ್ಟೇ ಹೆಚ್ಚಿಸಿ. 60 ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆಯಲ್ಲಿ ಸುಮಾರು 190 ಕ್ಯಾಲೊರಿ. ಒಂದು ಬಾಳೆಹಣ್ಣು ಮತ್ತು ಒಂದು ಮೊಟ್ಟೆ ಸೇರಿದರೂ ಹತ್ತಿರ ಹತ್ತಿರ ಅಷ್ಟೇ. ಹಾಲು, ಮೊಸರು, ಬೇಳೆ, ಮೊಳಕೆ ಕಾಳುಗಳಿಂದ ಪ್ರೋಟೀನು ಸಿಕ್ಕಿ ಸ್ನಾಯುಗಳು ಉಳಿಯುತ್ತವೆ. ತೂಕ ಏರದೆ ಇಳಿಯದೆ ನಿಲ್ಲುವ ಮಟ್ಟ ತಲುಪಿದಾಗ ಎರಡು ವಾರ ಅಲ್ಲಿಯೇ ಇರಿ.

ಆರಂಭದಲ್ಲಿ ತೂಕ ಒಂದು ಕಿಲೋದಷ್ಟು ಏರಿದರೆ ಹೆದರಬೇಡಿ. ಖಾಲಿಯಾಗಿದ್ದ ಗ್ಲೈಕೋಜೆನ್ ಕಣಜ ತುಂಬುತ್ತಿದೆ, ಜೊತೆಗೆ ನೀರೂ ಬರುತ್ತಿದೆ. ಒಂದು ಕಿಲೋ ಕೊಬ್ಬು ಸೇರಬೇಕಾದರೆ ಅಗತ್ಯಕ್ಕಿಂತ ಏಳು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಉಣ್ಣಬೇಕು. ಒಂದು ಮುದ್ದೆಯಿಂದ ಅದು ಆಗುವಂಥದ್ದಲ್ಲ. ಈ ದಿನಗಳಲ್ಲಿ ಬಸ್ಕಿ, ದಂಡ, ಭಾರ ಎತ್ತುವುದು ಇಂಥ ವ್ಯಾಯಾಮ ಮಾಡಿ. ರಾತ್ರಿ ಚೆನ್ನಾಗಿ ನಿದ್ರೆ ಮಾಡಿ. ಅನಂತರ ಮತ್ತೆ ಇಳಿಸಬೇಕೆಂದಿದ್ದರೆ, ಮೊದಲಿಗಿಂತ ಚಿಕ್ಕ ಕೊರತೆಯಿಂದ, ದಿನಕ್ಕೆ 300ರಷ್ಟರಿಂದ ಆರಂಭಿಸಿ. ಮಧುಮೇಹಕ್ಕೋ ಬೇರೆ ಕಾಯಿಲೆಗೋ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಪ್ರಮಾಣವನ್ನು ಬದಲಿಸಬಾರದು.

ಇಲ್ಲಿಯವರೆಗೆ ಹೇಳಿದ್ದು ದೊಡ್ಡವರ ಮಾತಾಯಿತು. ಇನ್ನು ಪ್ರೌಢಶಾಲೆಯಲ್ಲಿ, ಪದವಿಪೂರ್ವ ಕಾಲೇಜಿನಲ್ಲಿ ಓದುತ್ತಿರುವ ನಿಮ್ಮೊಡನೆ ಬೇರೆಯಾಗಿ ಮಾತನಾಡಬೇಕು. ನೀವು ಇನ್ನೂ ಬೆಳೆಯುತ್ತಿದ್ದೀರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ವಯಸ್ಕ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಬೇಕು. ಆದರೆ 16ರಿಂದ 18 ವರ್ಷದ ಹುಡುಗನಿಗೆ ಬೇಕಾದದ್ದು 3320. ಅದೇ ವಯಸ್ಸಿನ ಹುಡುಗಿಗೆ 2500. ಅಂದರೆ ಕಚೇರಿಗೆ ಹೋಗುವ ತಂದೆಗಿಂತ ಮಗಳಿಗೇ ಹೆಚ್ಚು ಊಟ ಬೇಕು! ನಮ್ಮ ಎಷ್ಟು ಮನೆಗಳಲ್ಲಿ ಬಡಿಸುವಾಗ ಇದು ನೆನಪಿರುತ್ತದೆ? ಕೊನೆಯಲ್ಲಿ ಉಳಿದದ್ದನ್ನು ಉಣ್ಣುವ ಹುಡುಗಿ, ಅದರ ಮೇಲೆ ಪಥ್ಯವನ್ನೂ ಹಿಡಿದರೆ ಗತಿಯೇನು?

ಜೀವಮಾನಕ್ಕೆ ಬೇಕಾದ ಮೂಳೆಯ ಗಟ್ಟಿತನದ ಬಹುಭಾಗ ಇಪ್ಪತ್ತು ವರ್ಷದ ಒಳಗೇ ಸಂಗ್ರಹವಾಗುತ್ತದೆ. ಆಗ ಕಟ್ಟದ ಮೂಳೆಯನ್ನು ಮುಂದೆ ಪೂರ್ತಿಯಾಗಿ ಕಟ್ಟುವುದು ಕಷ್ಟ. ಓಟಗಾರರು, ಆಟಗಾರರು, ನೃತ್ಯ ಕಲಿಯುವವರು ಸಾಕಷ್ಟು ಉಣ್ಣದೆ ಅಭ್ಯಾಸ ಮಾಡಿದರೆ ಮೂಳೆ ಬಿರುಕು ಬಿಡುವುದು, ಮುಟ್ಟು ನಿಲ್ಲುವುದು, ಆಟದ ಮಟ್ಟವೇ ಕುಸಿಯುವುದು ಉಂಟು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೂ 2014ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಇನ್ನೊಂದು ಮಾತು. ದೊಡ್ಡವರಿಗಾಗಿ ಮಾಡಿದ ಎತ್ತರ–ತೂಕದ ಪಟ್ಟಿ 18ರ ಒಳಗಿನವರಿಗೆ ಹೊಂದುವುದಿಲ್ಲ. ನಿಮ್ಮ ತೂಕ ಹೆಚ್ಚೋ ಕಡಿಮೆಯೋ ಎಂದು ಹೇಳಬೇಕಾದವರು ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆಯನ್ನು ನೋಡಿದ ವೈದ್ಯರು. ಕನ್ನಡಿಯೂ ಅಲ್ಲ, ಕೀಟಲೆ ಮಾಡುವ ಗೆಳೆಯರೂ ಅಲ್ಲ, ಪರದೆಯ ಮೇಲಿನ ನಟನಟಿಯರೂ ಅಲ್ಲ.

ಆದ್ದರಿಂದ, ಊಟ ಬಿಟ್ಟು ತೂಕ ಇಳಿಸುತ್ತಿರುವ ವಿದ್ಯಾರ್ಥಿಗೆ ತೂಕ ‘ನಿಂತಿದ್ದರೆ’, ಅದನ್ನು ಗೆಲ್ಲಬೇಕಾದ ಅಡ್ಡಿಯೆಂದು ತಿಳಿಯಬೇಡಿ. ‘ಇನ್ನು ಸಾಕು, ಕಟ್ಟುವ ಕೆಲಸ ಬಾಕಿಯಿದೆ, ಸಾಮಾನು ಕಳಿಸಿ’ ಎಂದು ಶರೀರ ಕಳಿಸಿದ ಪತ್ರ ಅದಾಗಿರಬಹುದು. ಎದ್ದು ನಿಂತಾಗ ತಲೆ ಸುತ್ತುವುದು, ಮೂರು ತಿಂಗಳಿಂದ ಮುಟ್ಟಾಗದಿರುವುದು, ಕೂದಲು ಉದುರುವುದು, ಎಲ್ಲರೊಡನೆ ಕುಳಿತು ಉಣ್ಣಲು ಭಯವಾಗುವುದು, ಪುಸ್ತಕ ತೆರೆದರೂ ಊಟದ ಲೆಕ್ಕವೇ ಕಣ್ಣ ಮುಂದೆ ಬರುವುದು, ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮಲ್ಲಿ ಇದ್ದರೆ ಲೆಕ್ಕ ಬರೆಯುವುದನ್ನು ಬಿಡಿ. ಅಮ್ಮನಿಗೋ ಅಕ್ಕನಿಗೋ ನಿಮಗೆ ನಂಬಿಕೆಯಿರುವ ಮೇಷ್ಟರಿಗೋ ಹೇಳಿ, ಅವರೊಡನೆ ವೈದ್ಯರ ಬಳಿಗೆ ಹೋಗಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಹಾಸ್ಟೆಲಿನ ಗೆಳತಿ ದಿನವೂ ‘ಹಸಿವಿಲ್ಲ’ ಎಂದು ತಟ್ಟೆ ಸರಿಸುತ್ತಿದ್ದರೆ ಸುಮ್ಮನಿರಬೇಡಿ. ಹಾಸ್ಯ ಮಾಡದೆ, ಉಪದೇಶ ಮಾಡದೆ, ಅವಳ ಪಕ್ಕದಲ್ಲಿ ಕುಳಿತು ಮಾತನಾಡಿಸಿ.

ತೂಕ ನಿಜವಾಗಿಯೂ ಹೆಚ್ಚಿದೆ ಎಂದು ವೈದ್ಯರು ಹೇಳಿದ ಮಕ್ಕಳಿಗೂ ಅರೆಹೊಟ್ಟೆ ಮದ್ದಲ್ಲ. ಬಾಟಲಿಯ ಸಿಹಿ ಪಾನೀಯ, ಕರಿದ ತಿಂಡಿ ಕಡಿಮೆಯಾಗಲಿ. ಸೊಪ್ಪು, ಕಾಳು, ಹಣ್ಣು, ಮಜ್ಜಿಗೆ ಹೆಚ್ಚಲಿ. ಸಂಜೆ ಒಂದು ಗಂಟೆ ಮೈದಾನದಲ್ಲಿ ಕಬಡ್ಡಿಯೋ ಖೋ ಖೋವೋ ಆಡಿ. ಎತ್ತರ ಬೆಳೆಯುತ್ತ ಹೋದಂತೆ ಅನೇಕರಲ್ಲಿ ತೂಕ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಮಿತ್ರರೇ, ತೂಕದ ಯಂತ್ರ ಹೇಳುವುದು ಒಂದೇ ಒಂದು ಅಂಕಿ. ಅದರಲ್ಲಿ ನೀರೆಷ್ಟು, ಮೂಳೆಯೆಷ್ಟು, ಸ್ನಾಯುವೆಷ್ಟು, ಕೊಬ್ಬೆಷ್ಟು ಎಂದು ಅದಕ್ಕೆ ತಿಳಿಯದು. ನೀವು ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುತ್ತೀರಾ, ತರಗತಿಯಲ್ಲಿ ಮನಸ್ಸು ನಿಲ್ಲುತ್ತದೆಯೇ, ರಾತ್ರಿ ನಿದ್ರೆ ಬರುತ್ತದೆಯೇ ಎಂಬುದನ್ನಂತೂ ಅದು ಹೇಳಲಾರದು. ಅವನ್ನು ಹೇಳಬಲ್ಲವರು ನೀವೇ. ಇಂದು ರಾತ್ರಿ ಮನೆಯಲ್ಲಿ ಬಡಿಸುವಾಗ ನಿಮ್ಮ ತಟ್ಟೆಯನ್ನು ನೋಡಿಕೊಳ್ಳಿ. ಪಕ್ಕದಲ್ಲಿ ಕುಳಿತ ತಂಗಿಯ ತಟ್ಟೆಯನ್ನೂ ನೋಡಿ. ಅಲ್ಲಿ ಕೊರತೆ ಕಂಡರೆ ಇನ್ನೊಂದು ಸೌಟು ಬಡಿಸಲು ಹೇಳಿ.